ನಾಯಿಗೆ ಸಿಕ್ಕ ಕನ್ನಡ

ನನಗೆ ಒಂದು ನಾಯಿಯ ಮೇಲೆ ಹೊಟ್ಟೆಕಿಚ್ಚು. ಹೆಂಡತಿಯ ಮುಂದೆ ಹೇಳಿಕೊಂಡರೆ ಅವಳು ಬಿದ್ದು ಬಿದ್ದು ನಕ್ಕಳು. "ನಾಯಿ ಜೋಡಿ ಜಿದ್ದಿಗೆ ಬಿದ್ದೀರೇನ್ರಿ?" ಬಿದ್ದಿದ್ದೇನೆ, ಏನೀಗ?

ಅದು ಡೊಂಬಿವಲಿಯಲ್ಲಿರುವ ನಮ್ಮ ಅಕ್ಕನ ನಾಯಿ. ಅವಳ ಹಳೆಯ ಬಿಲ್ಡಿಂಗಿನಲ್ಲಿ ಲಿಫ್ಟ್ ಇಲ್ಲ. ಮೊಣಕಾಲು ನೋವು ಶುರುವಾದ ಮೇಲೆ ಅದನ್ನು ಕೆಳಗೆ ತಿರುಗಾಡಿಸುವುದು ಅವಳಿಂದಾಗಲಿಲ್ಲ. ನನ್ನ ಮಗಳು ಹಟ ಹಿಡಿದು ನೆರೂಳಿನ ನಮ್ಮ ಮನೆಗೆ ತಂದಳು. ಬಂದ ವಾರದಲ್ಲೇ ನನ್ನ ಕಣ್ಣು ಊದಿಕೊಂಡವು, ಸೀನು ನಿಲ್ಲದಾಯಿತು. ನಾಯಿಯ ಅಲರ್ಜಿ, ಯಾರಿಗಾದರೂ ಕೊಟ್ಟುಬಿಡಿ ಎಂದರು ಡಾಕ್ಟರು. ಮಗಳ ಮುಖ ನೋಡಿ ಹೂಂ ಎನ್ನಲು ನನಗೆ ಬಾಯಿ ಬರಲಿಲ್ಲ. ಕೊನೆಗೆ ಹಾಲ್ ನಾಯಿಗೆ, ಬೆಡ್‌ರೂಮ್ ನನಗೆ ಎಂದಾಯಿತು. ದುಡಿದು ಬಂದವನಿಗೆ ಬಾಗಿಲು ಮುಚ್ಚಿದ ಕೋಣೆ, ತಿಂದು ಮಲಗುವವನಿಗೆ ಸೋಫಾ.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಉಂಡೇನವ್ವಾ?" ಎಂದರೆ "ಹಾಂ ಪಪ್ಪಾ, ಖಾ ಲಿಯಾ." ಬೈದೆ, ರಮಿಸಿದೆ, ಸಾಕಾಗಿ ಬಿಟ್ಟೆ. ಆದರೆ ಅಕ್ಕನ ಕೈಯಲ್ಲಿ ಬೆಳೆದ ಆ ನಾಯಿಗೆ ನಮ್ಮ ಹುಬ್ಬಳ್ಳಿ ಕಡೆಯ ಕನ್ನಡ ಬಿಟ್ಟರೆ ಬೇರೇನೂ ತಿಳಿಯದು. "ಬೈಠ್" ಎಂದರೆ ಕಿವಿಯನ್ನೂ ಅಲುಗಿಸುವುದಿಲ್ಲ. ಹೀಗಾಗಿ ನಮ್ಮ ಹುಡುಗಿ ಸೋದರತ್ತೆಗೆ ಫೋನ್ ಮಾಡಿ ಮಾಡಿ ಕಲಿತಳು. ಈಗ ಹೊತ್ತೊತ್ತಿಗೂ "ಕುಂದರು", "ಬಾರೋ ಇಲ್ಲೆ", "ಯಾಕೋ, ಸಿಟ್ಟೇನೋ?" ನಾನು ಬಾಗಿಲ ಹಿಂದೆ ಕೂತು ಇದನ್ನೆಲ್ಲ ಕೇಳಬೇಕು. ಹೊಟ್ಟೆ ಉರಿಯದೆ ಏನಾಗುತ್ತದೆ?

ಮೊನ್ನೆ ಸಂಜೆ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಬಂದು, ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದೆ. ಹೊರಗೆ ಮಗಳ ದನಿ ಕೇಳಿತು. "ಭಾಳ ದಣಿವಾತೇನ? ನೀರ ಬೇಕೇನ?"

ನನ್ನ ಎದೆ ತುಂಬಿ ಬಂತು. "ಹೂಂ ನಮ್ಮವ್ವಾ, ಒಂದ ಗ್ಲಾಸ್ ತಗೊಂಡ ಬಾ" ಎಂದೆ.

ಮಗಳು ಬಾಗಿಲು ಸರಿಸಿ ಇಣುಕಿದಳು. ಆಮೇಲೆ, "ಪಪ್ಪಾ, ಆಪ್ ಕೋ ನಹೀಂ. ಇಸ್ ಕೋ ಪೂಛಾ." ನಾಯಿಯನ್ನು ತಿರುಗಾಡಿಸಿಕೊಂಡು ಆಗಷ್ಟೇ ಬಂದಿದ್ದಳಂತೆ, ಕೇಳಿದ್ದು ಅದನ್ನು. ಪಾಪ, ನನಗೂ ನೀರು ತಂದುಕೊಟ್ಟಳು. "ಲೋ ಪಪ್ಪಾ, ಪಾನೀ."

ರೋಸಿಹೋಯಿತು ನನಗೆ. ಗ್ಲಾಸ್ ಹಿಡಿದುಕೊಂಡೇ ಹಾಲ್‌ಗೆ ಬಂದು ನಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟೆ. ಅದಕ್ಕೇನು ಗೊತ್ತು, ಖುಷಿಯಿಂದ ನನ್ನ ತೊಡೆಯ ಮೇಲೆ ತಲೆಯಿಟ್ಟಿತು. ಒಂದರ ಹಿಂದೊಂದು ಸೀನು, ಕಣ್ಣು ಮೂಗೆಲ್ಲ ನೀರು. ಅಡುಗೆಮನೆಗೆ ಹೋಗಿದ್ದ ಮಗಳು ಗಾಬರಿಯಿಂದ ಓಡಿ ಬಂದು, ಬೆರಳು ತೋರಿಸಿ ಕೂಗಿದಳು. "ಏಳು! ಒಳಗ ನಡಿ!"

ನಾಯಿ ಎದ್ದು ನಿಂತಿತು.

"ನೀ ಅಲ್ಲೋ," ಎಂದಳು ಅದಕ್ಕೆ. "ಪಪ್ಪಾಗ ಹೇಳಾಕತ್ತೀನಿ."

ಇನ್ನೊಂದು ಸಲ ಹೇಳಲಿ ಎಂದು, ಸೀನುತ್ತಾ ಅಲ್ಲೇ ಕೂತೆ.