ದಿಕ್ಸೂಚಿ ಸರಿಯಾಗಿತ್ತು ಎಂದು ನಾನು ಬರೆದುಕೊಟ್ಟೆ

ಹಳೆಯ ಫೋನಿನ ಚರ್ಮದ ಕವರಿಗೆ ಇನ್ನೂ ಕೆರೆಯ ಕೆಸರಿನ ವಾಸನೆಯಿತ್ತು. ಕಳೆದ ತಿಂಗಳು ಮಗಳು ಶಾಲೆಯ ಪ್ರಾಜೆಕ್ಟಿಗೆ ಆಯಸ್ಕಾಂತ ಬೇಕೆಂದಳು. ಈ ಕವರಿನ ಬಾಯಿ ಮುಚ್ಚುವ ಪಟ್ಟಿಯೊಳಗೆ ಒಂದು ಇರುತ್ತದೆ, ಕತ್ತರಿಸಿಕೋ ಎಂದು ಡ್ರಾಯರಿನ ತಳದಿಂದ ತೆಗೆದುಕೊಟ್ಟೆ. ಕತ್ತರಿ ಹುಡುಕಲು ಎದ್ದವಳು ಕವರನ್ನು ತನ್ನ ಪುಟ್ಟ ದಿಕ್ಸೂಚಿಯ ಪಕ್ಕದಲ್ಲಿಟ್ಟಳು. ಸೂಜಿ ಗರ್ರನೆ ತಿರುಗಿ ಅಡುಗೆಮನೆಯ ಕಡೆ ಮುಖ ಮಾಡಿ ನಿಂತಿತು.

"ಪಪ್ಪಾ, ನಮ್ಮ ಉತ್ತರ ದಿಕ್ಕು ಕೆಟ್ಟು ಹೋಗ್ಯದ ನೋಡು" ಎಂದು ಅವಳು ನಕ್ಕಳು.

ನನಗೆ ನಗು ಬರಲಿಲ್ಲ. ಪಿಯು ಕಾಲೇಜಿನಲ್ಲಿ ವರ್ಷವರ್ಷವೂ ಆಯಸ್ಕಾಂತದ ಪಾಠ ಮಾಡುವವನು ನಾನು. ಆ ಪಾಠ ನನ್ನ ಸ್ವಂತ ಫೋನಿಗೂ ಅನ್ವಯಿಸುತ್ತದೆಂದು ಅಷ್ಟು ವರ್ಷ ಹೊಳೆದೇ ಇರಲಿಲ್ಲ.

ಆ ಫೋನು ನನ್ನಲ್ಲಿದ್ದ ಕಾಲದಲ್ಲಿ ನಾನು ದೋಣಿ ನಡೆಸುವ ಕೋರ್ಸಿಗೆ ಸೇರಿದ್ದೆ. ಶನಿವಾರ ಸಂಜೆ ಜೇವರ್ಗಿ ಕಾಲೋನಿಯ ಒಂದು ಟ್ಯೂಷನ್ ಕೋಣೆಯಲ್ಲಿ ಪಾಠ, ಭಾನುವಾರ ಕಮಲಾಪುರದ ಹತ್ತಿರದ ಜಲಾಶಯದಲ್ಲಿ ಅಭ್ಯಾಸ. "ಕಲಬುರಗ್ಯಾಗ ಕುಡಿಲಾಕ ನೀರಿಲ್ಲ, ನೀ ದೋಣಿ ನಡಸ್ಲಾಕ ಹೊಂಟೀದಿ" ಎಂದು ಗೆಳೆಯರು ಕಾಡುತ್ತಿದ್ದರು. ಕಲಿಸುತ್ತಿದ್ದವರನ್ನು ನಾವೆಲ್ಲ ಉಸ್ತಾದರು ಎನ್ನುತ್ತಿದ್ದೆವು. ಪಶ್ಚಿಮ ಕರಾವಳಿಯ ಸಣ್ಣ ಹಡಗುಗಳಲ್ಲಿ ಆಯುಷ್ಯ ಕಳೆದು, ನಿವೃತ್ತರಾಗಿ ಕಮಲಾಪುರದ ತಮ್ಮ ಮನೆಗೆ ಮರಳಿದ್ದವರು. ಕಿಟಕಿಯ ಸರಳಿಗೆ ಹಗ್ಗ ಕಟ್ಟಿಸಿ ಗಂಟುಗಳನ್ನು ಕಲಿಸುತ್ತಿದ್ದರು. ನಾವು ಹಾಕಿದ ಗಂಟನ್ನು ಸರಿಯೆನ್ನುತ್ತಲೂ ಇರಲಿಲ್ಲ, ತಪ್ಪೆನ್ನುತ್ತಲೂ ಇರಲಿಲ್ಲ. ಸುಮ್ಮನೆ ಹಿಡಿದು ಜಗ್ಗುತ್ತಿದ್ದರು. ಬಿಚ್ಚಿಕೊಂಡರೆ ಮತ್ತೆ ಹಗ್ಗ ಕೈಗೆ ಕೊಡುತ್ತಿದ್ದರು. ಅಭ್ಯಾಸ ಮುಗಿದ ಮೇಲೆ ದಂಡೆಯಲ್ಲಿ ಕೂಡಿಸಿ ಕೆಂಪು ಬಾಳೆಹಣ್ಣು ಹಂಚುತ್ತಿದ್ದರು... ಅಥವಾ ಅದು ಒಂದೇ ಒಂದು ಭಾನುವಾರ ಇರಬೇಕು. ಈಗ ನನ್ನ ಯಾವ ನೆನಪಿಗೂ ನಾನು ಜಾಮೀನು ನಿಲ್ಲಲಾರೆ.

ಪ್ರತಿಯೊಂದಕ್ಕೂ ಪುರಾವೆ ಕೇಳುತ್ತಿದ್ದ ನನಗೆ ಅವರು 'ಶಕ್ ಸಾಹೇಬ್ರು' ಎಂದು ಹೆಸರಿಟ್ಟಿದ್ದರು. ಶಕ್ ಎಂದರೆ ಅನುಮಾನ. ಅದರಲ್ಲಿ ಅವರಿಗೆ ಪ್ರೀತಿಯೇ ಇತ್ತು. "ಶಕ್ ಮಾಡಾವ್ರು ನೀರಾಗ ಮುಳಗಂಗಿಲ್ಲ" ಎಂದು ಉಳಿದವರಿಗೆ ಹೇಳುತ್ತಿದ್ದರು.

ಅಪಘಾತವಾದ ಭಾನುವಾರ ದೋಣಿಯಲ್ಲಿ ಐದು ಜನ ಇದ್ದೆವು. ದಡ ಕಾಣದಿದ್ದಾಗ ದಿಕ್ಸೂಚಿಯೊಂದನ್ನೇ ನಂಬಿ ದೋಣಿ ನಡೆಸುವುದು ಅಂದಿನ ಪಾಠವಾಗಿತ್ತು. ಹೊರಡುವ ಮೊದಲು ಉಸ್ತಾದರು ಎಂದಿನಂತೆ ಕಬ್ಬಿಣದ ಸಾಮಾನೆಲ್ಲ ದಂಡೆಯ ಮೇಲೆ ತೆಗೆದಿರಿಸಲು ಹೇಳಿದರು. ಬೀಗದ ಕೈ, ಚಾಕು, ಒಬ್ಬರ ಕೈಯ ಕಡಗ ಎಲ್ಲ ಹೊರಬಂದವು. ಚರ್ಮದ ಕವರಿನಲ್ಲಿದ್ದ ನನ್ನ ಫೋನು ಜೇಬಿನಲ್ಲೇ ಉಳಿಯಿತು.

ನಡುನೀರಿಗೆ ಹೋದಾಗ ಬೇಸಿಗೆಯ ಗಾಳಿ ಎದ್ದು ಧೂಳಿನ ಗೋಡೆಯೇ ನಮ್ಮ ಮೇಲೆ ಬಂತು. ಒಂದು ನಿಮಿಷದಲ್ಲಿ ದಡ ಮಾಯವಾಯಿತು. ಉಸ್ತಾದರು ಹಿಂದೆ ತಿರುಗಿ ಎಲ್ಲರ ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಸತೊಡಗಿದರು. ಐದು ನಿಮಿಷಕ್ಕೊಮ್ಮೆ ಹೊತ್ತು ಮತ್ತು ದಿಕ್ಕು ಬರೆದಿಡುವ ಕೆಲಸ ನನ್ನದು. ಹೊತ್ತು ನೋಡಲು ಫೋನು ತೆಗೆದು, ದಿಕ್ಸೂಚಿಯ ಡಬ್ಬಿಯಿದ್ದ ಮುಂದಿನ ಹಲಗೆಯ ಮೇಲಿಟ್ಟೆ. ಉಸ್ತಾದರು ಚುಕ್ಕಾಣಿಗೆ ಮರಳಿ, ದಿಕ್ಸೂಚಿ ನೋಡಿ, "ಉತ್ತರಕ್ಕ ಹೊಂಟೇವಿ, ಬರ್ಕೊಳ್ರಿ" ಎಂದರು. ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ದೋಣಿ ನೀರಿನಡಿ ಮುಳುಗಿದ್ದ ಹಳೆಯ ಬಾವಿಯ ಗೋಡೆಗೆ ಹೊಡೆಯಿತು. ಆ ಗೋಡೆ ಇರುವುದು ಪೂರ್ವಕ್ಕೆ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಅಕ್ಕನೊಬ್ಬರ ಮುಂಗೈ ಮುರಿಯಿತು. ನಾವೆಲ್ಲ ನೀರಿಗೆ ಬಿದ್ದೆವು. ಉಸ್ತಾದರು ಒಬ್ಬೊಬ್ಬರನ್ನೇ ಎಳೆದು ಆ ಗೋಡೆಯ ಮೇಲೆಯೇ ನಿಲ್ಲಿಸಿದರು.

ದಂಡೆಗೆ ಬಂದ ಮೇಲೆ ನಾನೊಂದು ಪ್ರಯೋಗ ಮಾಡಿದೆ. ಒದ್ದೆ ಫೋನನ್ನು ಬ್ಯಾಗಿಗೆ ಹಾಕಿ, ದೂರದ ಕಲ್ಲಿನ ಮೇಲೆ ದಿಕ್ಸೂಚಿ ಇಟ್ಟು ನೋಡಿದೆ. ಸೂಜಿ ಕರಾರುವಾಕ್ಕಾಗಿ ಉತ್ತರ ತೋರಿಸಿತು. ಕೋರ್ಸು ನಡೆಸುತ್ತಿದ್ದವರು ವಿಚಾರಣೆ ಮಾಡಿದಾಗ ಒಂದು ಪುಟ ಬರೆದುಕೊಟ್ಟೆ: ದಿಕ್ಸೂಚಿ ಸರಿಯಾಗಿತ್ತು, ಆದ್ದರಿಂದ ಅದನ್ನು ಓದಿದ ಕಣ್ಣು ತಪ್ಪಿದೆ. ಉಸ್ತಾದರು ಎದುರಿಗೇ ಕೂತಿದ್ದರು. ಪುಟವನ್ನು ಎರಡು ಸಲ ಓದಿದರು. ಮಡಚಿ ಹಿಂದಕ್ಕೆ ಕೊಟ್ಟರು. ಅವರನ್ನು ಕೆಲಸದಿಂದ ತೆಗೆದರು, ಆಮೇಲೆ ಕೋರ್ಸೂ ನಿಂತಿತು.

ಮಗಳ ದಿಕ್ಸೂಚಿ ತಿರುಗಿದ ಮರುದಿನ ನಾನು ಆ ಬ್ಯಾಂಕಿನ ಅಕ್ಕನ ಮನೆಗೆ ಹೋದೆ. ಹಲಗೆಯ ಮೇಲೆ ಫೋನು ದಿಕ್ಸೂಚಿಗೆ ಎಷ್ಟು ಹತ್ತಿರವಿತ್ತು ಎಂಬುದು ನನಗೆ ಖಚಿತವಿರಲಿಲ್ಲ. ದೂರವೇ ಇಟ್ಟಿದ್ದೆ ಎಂದು ಯಾರಾದರೂ ಹೇಳಲಿ ಎಂಬ ಆಸೆಯೂ ಇತ್ತು.

"ಏನ್ರಿ ಸರ್, ಇಷ್ಟು ವರ್ಷ ಆದ್ಮ್ಯಾಲ ನನ್ನ ಕೈ ಹ್ಯಾಂಗದ ಅಂತ ಕೇಳ್ಲಾಕ ಬಂದ್ರೇನು?" ಎಂದು ಅವರು ಬಾಗಿಲಲ್ಲೇ ಚುಚ್ಚಿದರು.

ವಿಷಯ ಹೇಳಿದೆ. ಅವರ ನಗು ನಿಂತಿತು. "ಆ ಧೂಳಿನ್ಯಾಗ ಫೋಟೋ ಹೊಡ್ದಿದ್ದೆ, ಕ್ಯಾಮೆರಾ ನೀರಾಗ ಕೆಟ್ರೂ ಕಾರ್ಡ್ ಉಳೀತು. ಇರ್ರಿ" ಎಂದು ಲ್ಯಾಪ್‌ಟಾಪ್ ತಂದರು. ಫೋಟೋದಲ್ಲಿ ನನ್ನ ಫೋನು ದಿಕ್ಸೂಚಿಯ ಡಬ್ಬಿಗೆ ಅಂಟಿಕೊಂಡಂತೆ ಕೂತಿತ್ತು. ಉಸ್ತಾದರು ಡಬ್ಬಿಯ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದುದು ನನ್ನ ನೆನಪಿನಲ್ಲಿ ಅಂದಿನವರೆಗೂ ಕಣ್ಣಿಗೆ ಕಟ್ಟಿದಂತಿತ್ತು. ಫೋಟೋದಲ್ಲಿ ಅವರು ನೆಟ್ಟಗೆ ಕೂತು, ಅಗಲವಾದ ಕಣ್ಣುಗಳಿಂದ ನೋಡುತ್ತಿದ್ದರು. ಆ ಬಗ್ಗಿದ ಮುದುಕನನ್ನು ನಾನೇ ಸೃಷ್ಟಿಸಿಕೊಂಡಿದ್ದೆ...

"ಫೋನ್ ದೋಣ್ಯಾಗ ಇದ್ರ ನಡೀತದೇನು ಅಂತ ಉಸ್ತಾದ್ರು ಕೇಳಿದ್ರಲ್ರಿ, ಹೊಂಡೂಕಿಂತ ಮೊದ್ಲ ದಂಡ್ಯಾಗ" ಎಂದರು ಅಕ್ಕ. "ಅದರಾಗ ಕಬ್ಬಿಣ ಎಲ್ಲಿರ್ತದ ಉಸ್ತಾದ್ರೇ, ನಾ ಫಿಜಿಕ್ಸ್ ಮಾಸ್ತರ ಅದೀನಿ ಅಂದ್ರಿ ನೀವು. ನಾವೆಲ್ಲಾ ನಕ್ಕಿದ್ವಿ."

ಈ ಮಾತು ನನಗೆ ಕಿಂಚಿತ್ತೂ ನೆನಪಿಲ್ಲ. ಎಷ್ಟು ಕೆದಕಿದರೂ ಬರುತ್ತಿಲ್ಲ. ಆದರೆ ಆಡಿದ ಧಾಟಿ ನನ್ನದೇ.

ಆ ರಾತ್ರಿ ಇನ್ನೊಂದು ಪುಟ ಬರೆದೆ. ದಿಕ್ಸೂಚಿ ತಪ್ಪು ತೋರಿಸುತ್ತಿತ್ತು, ಅದಕ್ಕೆ ಕಾರಣ ನನ್ನ ಫೋನು, ಉಸ್ತಾದರು ಕಂಡದ್ದನ್ನು ಸರಿಯಾಗಿಯೇ ಓದಿದರು ಎಂದು. ಸಹಿ ಹಾಕಿ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದೆ. ಅವರ ಕಾಲು ಹಿಡಿಯಬೇಕೋ ಕೈ ಹಿಡಿಯಬೇಕೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಬಾಗಿಲು ತೆರೆದವರು ಅವರ ಹೆಂಡತಿ. ಉಸ್ತಾದರು ತೀರಿಹೋಗಿ ಎರಡು ಚಳಿಗಾಲ ಕಳೆದಿತ್ತು. ನನಗೆ ಯಾರೂ ಹೇಳಿರಲಿಲ್ಲ. ನಾನು ಯಾರನ್ನೂ ಕೇಳಿಯೂ ಇರಲಿಲ್ಲ.

ಕುರ್ಚಿಯ ತುದಿಯಲ್ಲಿ ಕೂತು, "ಚಾಚಿ, ಉಸ್ತಾದ್ರ ಕಣ್ಣಿಗಿ ಏನೂ ಆಗಿರ್ಲಿಲ್ಲ. ತಪ್ಪು ನಂದು" ಎಂದೆ. ಅವರು ಎದ್ದು ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದೆ ಸುರಿದರು. ಕಲಬುರಗಿಯ ಬೇರೆ ಬೇರೆ ಕಣ್ಣಿನ ವೈದ್ಯರ ಚೀಟಿಗಳು. ಎಲ್ಲದರಲ್ಲೂ ಒಂದೇ ಮಾತು: ದೃಷ್ಟಿ ಸರಿಯಾಗಿದೆ.

"ಮೋಟರ್ ಸೈಕಲ್ ಮಾರಿದ್ರು. ಕೆರಿ ಕಡಿಗಿ ಹೋಗೂದೇ ಬಿಟ್ರು" ಎಂದರು ಚಾಚಿ. "ಸಂಜಿ ಆದ್ರ ನನ್ನ ಕರ್ಕೊಂಡು ಮಾಳಗಿ ಮ್ಯಾಲ ಹೋಗ್ತಿದ್ರು. ದೂರದಿಂದಾನೇ ಬಸ್ಸಿನ ಬೋರ್ಡ್ ಓದಿ ಹೇಳಾವ್ರು. ಹತ್ರ ಬಂದ್ಮ್ಯಾಲ ಖರೇನ ನೋಡು ಅನ್ನಾವ್ರು. ಹುಮನಾಬಾದ ಅಂದ್ರ ಹುಮನಾಬಾದ, ಬೀದರ ಅಂದ್ರ ಬೀದರ. ಒಂದಿನಾನೂ ತಪ್ಪಿಲ್ರಿ."

"ಮತ್ತ... ನಂಬಲಿಲ್ಲೇನು?"

"ನಾ ಹೇಳ್ದೆ. ಡಾಕ್ಟರ್ ಹೇಳ್ದ. 'ಶಕ್ ಸಾಹೇಬ್ರು ತಪಾಸ್ ಮಾಡ್ಲಾರದೆ ಬರ್ಯಾವ್ರಲ್ಲ' ಅಂದ್ರು. ಕಡೀ ತನಕಾ ನಿಮ್ಮನ್ನೇ ನಂಬಿದ್ರು."

ಅವರು ಎಲ್ಲವನ್ನೂ ತಿಳಿದೇ ನನ್ನನ್ನು ಕಾಪಾಡಿದರು ಎಂದು ಬಸ್ಸಿನಲ್ಲಿ ನಾನು ಕಲ್ಪಿಸಿಕೊಂಡಿದ್ದೆ. ಹಾಗಿರಲಿಲ್ಲ. ನೀರಿನ ಮೇಲೆ ಆಯುಷ್ಯ ಕಳೆದ ಮನುಷ್ಯ, ನನ್ನ ಒಂದು ಪುಟ ಓದಿ ತನ್ನ ಕಣ್ಣುಗಳನ್ನೇ ನಂಬುವುದನ್ನು ಬಿಟ್ಟಿದ್ದ. ನಾನು ಆ ಪುಟವನ್ನು ಮರೆತು ನಿಶ್ಚಿಂತೆಯಿಂದ ಪಾಠ ಮಾಡಿಕೊಂಡಿದ್ದೆ.

ಹೊಸ ಪುಟವನ್ನು ಜೇಬಿನಿಂದ ತೆಗೆದು ಅವರ ಕೈಗೆ ಕೊಟ್ಟೆ. ಮೇಲೆ ಕೆಳಗೆ ತಿರುವಿ ನೋಡಿ ಹಿಂದಕ್ಕೆ ಕೊಟ್ಟರು. "ನನಗ ಕನ್ನಡ ಓದ್ಲಾಕ ಬರಂಗಿಲ್ರಿ. ನೀವೇ ಓದ್ರಿ" ಎಂದರು.

ಓದಿದೆ. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು.

"ಇನ್ನೊಂದ್ಸಲ ಓದ್ರಿ, ಜರಾ ಜೋರಾಗಿ" ಎಂದರು.

ಇನ್ನೊಮ್ಮೆ ಜೋರಾಗಿ ಓದಿದೆ. ಅದನ್ನು ಕೇಳಬೇಕಾಗಿದ್ದವರು ಆ ಮನೆಯಲ್ಲಿರಲಿಲ್ಲ.