ಗಂಟೆಗೆ ಮೂವತ್ತೆಂಟು ಮಿಲಿ

ಬೆಳಗಿನ ಆರು ಗಂಟೆ. ದಕ್ಷಿಣ ಟೆಕ್ಸಸ್‌ನ ಸೇನಾ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಎಲ್ವಿರಾ ಟ್ರೆವಿನ್ಯೊ ಮಂಡಿಯೂರಿದ್ದಾರೆ. ಪ್ರಾರ್ಥನೆಗಲ್ಲ, ಹಾಸಿಗೆಯ ಕೆಳಗೆ ತೂಗುವ ಚೀಲದಲ್ಲಿ ಸಿಪಾಯಿ ಕೋಡಿ ಹ್ಯಾಚರ್‌ನ ಮೂತ್ರ ಅಳೆಯಲು.

ನಿನ್ನೆ ಸಂಜೆ ತರಬೇತಿ ಮೈದಾನದಲ್ಲಿ ಟ್ರಕ್ಕು ಹೊತ್ತಿಕೊಂಡು ಕೋಡಿಯ ಮೈ ನೂರಕ್ಕೆ ನಲವತ್ತು ಪಾಲು ಸುಟ್ಟಿದೆ. ಇಂಥವರ ಮೈಯೊಳಗಿನ ನೀರು ರಕ್ತನಾಳಗಳಲ್ಲಿ ನಿಲ್ಲದೆ ಸೋರಿಹೋಗುತ್ತದೆ. ಹಾಗಾಗಿ ಉಪ್ಪುನೀರಿನ ಡ್ರಿಪ್ ಕೊಡುತ್ತಲೇ ಇರಬೇಕು. ಕಡಿಮೆಯಾದರೆ ಮೂತ್ರಪಿಂಡ ಕೈಕೊಡುತ್ತದೆ, ಹೆಚ್ಚಾದರೆ ಮೈ ಊದಿ ಉಸಿರು ಕಟ್ಟುತ್ತದೆ. ಸರಿಯಾಗಿದೆಯೋ ಇಲ್ಲವೋ ಎಂದು ಹೇಳುವುದು ಗಂಟೆಗೊಮ್ಮೆ ಅಳೆದ ಮೂತ್ರ. ಮೂವತ್ತರಿಂದ ಐವತ್ತು ಮಿಲಿಲೀಟರ್ ಬಂದರೆ ಎಲ್ವಿರಾ ನಗುತ್ತಾರೆ.

ಮೂರು ಹಾಸಿಗೆ, ಹನ್ನೆರಡು ಗಂಟೆಯ ಪಾಳಿ. ಐವತ್ತೇಳರ ಮಂಡಿ ದಿನಕ್ಕೆ ಮೂವತ್ತಾರು ಸಲ ನೆಲ ಮುಟ್ಟುತ್ತದೆ. "ಚರ್ಚಲ್ಲಿ ಇಷ್ಟು ಮಂಡಿಯೂರಿದ್ರೆ ಇಷ್ಟೊತ್ತಿಗೆ ನನ್ನನ್ನೂ ಸಂತಳು ಮಾಡಿರೋರು," ಎನ್ನುತ್ತಾರೆ.

ಗಾಯಾಳುಗಳಿಗೆ ಚಳಿಯಾಗಬಾರದೆಂದು ಕೋಣೆಯನ್ನು ಒಲೆಯಂತೆ ಕಾಯಿಸಿಟ್ಟಿರುತ್ತಾರೆ. ಎಲ್ವಿರಾಗೆ ಸೆಕೆ ಹೊಸದಲ್ಲ. ಮೊದಲು ಸೇನೆಯ ಅಡುಗೆಮನೆಯಲ್ಲಿದ್ದವರು. ಕುದಿಯುವ ಎಣ್ಣೆ ತೋಳಿನ ಮೇಲೆ ಚೆಲ್ಲಿ ಇದೇ ವಾರ್ಡಿಗೆ ಬಂದರು. ಗಾಯ ಮಾಯ್ದರೂ ಹೊರಡಲಿಲ್ಲ, ಶುಶ್ರೂಷೆಯ ಕೆಲಸ ಕಲಿತು ಇಲ್ಲೇ ಉಳಿದರು. ಹತ್ತೊಂಬತ್ತು ವರ್ಷವಾಯಿತು. "ಬೀನ್ಸಿಗೆ ಉಪ್ಪು ಕಣ್ಣಂದಾಜಲ್ಲಿ ಹಾಕ್ತಿದ್ದೆ. ಇಲ್ಲಿ ಅಂದಾಜು ನಡೆಯಲ್ಲ."

ಇವತ್ತಿನ ಆರು ಗಂಟೆಯ ಲೆಕ್ಕ ನಾಲ್ಕು ಮಿಲಿ. ಐದಕ್ಕೆ ನಲವತ್ತಿತ್ತು. ಎಳೆಯ ಡಾಕ್ಟರ್ ಕ್ಯಾಪ್ಟನ್ ಪ್ರೆಸ್ಕಾಟ್‌ರ ಮುಖ ಬಿಳುಚಿಕೊಳ್ಳುತ್ತದೆ. "ಡ್ರಿಪ್ ಜಾಸ್ತಿ ಮಾಡ್ಬಿಡ್ತೀನಿ," ಎಂದು ಪಂಪಿನತ್ತ ಕೈ ಚಾಚುತ್ತಾರೆ.

"ತಡೀರಿ ಡಾಕ್ಟ್ರೇ. ಐದು ಗಂಟೆಗೆ ಸರಿಯಿದ್ದೋನು ಹೀಗೆ ಏಕಾಏಕಿ ಒಣಗಲ್ಲ."

ಎಲ್ವಿರಾ ಚೀಲದಿಂದ ಕೊಳವೆ ಹಿಡಿದು ಬೆರಳಾಡಿಸುತ್ತಾ ಮೇಲೆ ಹೋಗುತ್ತಾರೆ. ಬೆರಳು ಹೋಗಿ ನಿಂತದ್ದು ಕರ್ನಲ್ ವಿಟಕರ್ ಬಳಿ. ಐದು ದಾಟುತ್ತಲೇ ತಮ್ಮ ಸಿಪಾಯಿಯನ್ನು ನೋಡಲು ಬಂದ ಕರ್ನಲ್, ಹಾಸಿಗೆಯ ಅಂಚಿನಲ್ಲಿ ಕುಳಿತು ಕೋಡಿಗೆ ಧೈರ್ಯದ ಮಾತು ಹೇಳುತ್ತಲೇ ಇದ್ದಾರೆ. ಬಾಯಲ್ಲಿ ಉಸಿರಾಟದ ಕೊಳವೆಯಿರುವ ಕೋಡಿ ಸಾಕು ಎನ್ನುವಂತಿಲ್ಲ, ಎದ್ದು ಹೋಗುವಂತೆಯೂ ಇಲ್ಲ.

"ಎದ್ದೇಳಿ ಸರ್."

"ಇನ್ನೊಂದೇ ಮಾತಮ್ಮಾ, ಮುಗಿಸಿಬಿಡ್ತೀನಿ."

"ನಿಮ್ಮ ಮಾತು ಮುಗಿಯೋಷ್ಟರಲ್ಲಿ ಹುಡುಗ ಊದ್ಕೋತಾನೆ. ನೀವು ಕೂತಿರೋದು ಅವನ ಉಚ್ಚೆ ಕೊಳವೆ ಮೇಲೆ!"

ಕರ್ನಲ್ ಸಲ್ಯೂಟಿಗೆ ನಿಲ್ಲುವಷ್ಟು ಚುರುಕಾಗಿ ಎದ್ದು ನಿಲ್ಲುತ್ತಾರೆ. ಕಟ್ಟಿಕೊಂಡಿದ್ದದ್ದೆಲ್ಲ ಇಳಿದು ಬರುತ್ತದೆ. ಮೂವತ್ತೆಂಟು ಮಿಲಿ. ಪ್ರೆಸ್ಕಾಟ್ ಪಂಪಿನಿಂದ ಕೈ ತೆಗೆದು ಹಣೆ ಒರೆಸಿಕೊಳ್ಳುತ್ತಾರೆ.

"ನಾನೀಗ ಎಲ್ಲಿ ನಿಲ್ಲಲಿ?" ಕರ್ನಲ್ ಮೆಲ್ಲಗೆ ಕೇಳುತ್ತಾರೆ.

"ಗೋಡೆ ಹತ್ರ ಸರ್. ಅದಕ್ಕೆ ಕೊಳವೆ ಇಲ್ಲ."

ಬೋರ್ಡಿನ ಮೇಲೆ 38 ಎಂದು ದಪ್ಪಗೆ ಬರೆಯುವ ಎಲ್ವಿರಾರನ್ನು, ನಿಮಗೇನು ಆಸೆ ಎಂದು ಕೇಳಿದರೆ ಕೋಡಿಯ ಕಡೆ ನೋಡುತ್ತಾರೆ.

"ಇವನು ಒಂದಿನ ತಾನೇ ನಡ್ಕೊಂಡು ಬಾತ್‌ರೂಮಿಗೆ ಹೋಗ್ಬೇಕು. ಬಾಗಿಲು ಹಾಕ್ಕೋಬೇಕು. ಎಷ್ಟು ಮಿಲಿ ಅಂತ ನನಗೆ ಹೇಳಲೇಬಾರದು."