ಸ್ಟೆಪ್ನಿ ಸಾಲು

ಮೆಮೊರಿ ಚಿಪ್ಪಿನ ನಕ್ಷೆ ಬರೆಯುವ ಆ ಆಫೀಸಿನಲ್ಲಿ ಎಲ್ಲರೂ ಅವನನ್ನು ಸ್ಟೆಪ್ನಿಯಣ್ಣ ಎಂದೇ ಕರೆಯುತ್ತಿದ್ದರು. ಚಿಪ್ಪಿನೊಳಗೆ ನೆನಪು ಹಿಡಿದಿಡುವ ಸಾಲೊಂದು ಕೆಟ್ಟರೆ ಅದರ ಜಾಗಕ್ಕೆ ನಿಲ್ಲಲೆಂದು ಒಂದೆರಡು ಸಾಲುಗಳನ್ನು ಹೆಚ್ಚಿಗೆ ಇಡುತ್ತಾರೆ. ಆ ಸಾಲುಗಳ ಉಸಾಬರಿ ಅವನದು.

ಹೊಸ ಚಿಪ್ಪು ಇನ್ನೂ ಚಿಕ್ಕದಾಗಬೇಕು, ಕರೆಂಟ್ ಇನ್ನೂ ಕಡಿಮೆ ಕುಡಿಯಬೇಕು ಎಂದು ಮೇಲಿನಿಂದ ಅಪ್ಪಣೆಯಾಯಿತು. ಸಾಹೇಬನ ಕಣ್ಣು ನೇರವಾಗಿ ಆ ಸಾಲುಗಳ ಮೇಲೆ ಬಿತ್ತು.

"ಇವು ಕೂತು ತಿನ್ನೋ ಸಾಲು ಕಣಯ್ಯ. ತೆಗೆದುಹಾಕು."

"ಸಾರ್, ಆಮೇಲೆ ಯಾವುದಾದ್ರೂ ಸಾಲಲ್ಲಿ ಒಂದು ಚುಕ್ಕೆ ಕೆಟ್ಟರೂ ಇಡೀ ಚಿಪ್ಪು ಕಸಕ್ಕೆ ಹೋಗುತ್ತೆ."

"ಸ್ಟೆಪ್ನಿ ಇಲ್ದೆ ಗಾಡಿ ಓಡಲ್ವೇನಯ್ಯ?"

"ಓಡುತ್ತೆ ಸಾರ್, ಪಂಕ್ಚರ್ ಆಗೋವರೆಗೂ."

ಎಲ್ಲರೂ ನಕ್ಕರು. ಅವನೂ ನಕ್ಕು ಸುಮ್ಮನಾದ. ಮಗಳ ಹೆರಿಗೆ ಹತ್ತಿರವಿತ್ತು, ಕೆಲಸ ಹೋದರೆ ಮನೆ ನಡೆಯುತ್ತಿರಲಿಲ್ಲ. ಹೊಟ್ಟೆ ಹೆದರಿದರೆ ನಾಲಿಗೆ ಒಳಗೆ ಸೇರಿಕೊಳ್ಳುತ್ತದೆ. ತನ್ನ ಕೈಯಾರೆ ಆ ಸಾಲುಗಳನ್ನು ಅಳಿಸಿದ.

ಮೊದಲ ಚಿಪ್ಪುಗಳು ಬಂದವು. ಹೇಳಿದಂತೆಯೇ ಚಿಕ್ಕವು, ಕರೆಂಟೂ ಕಡಿಮೆ. ಆದರೆ ಮುಕ್ಕಾಲು ಪಾಲು ಸತ್ತಿದ್ದವು. ಪರೀಕ್ಷೆಯ ಕೋಣೆಯಲ್ಲಿ ಅವನ್ನು ಬಕೆಟ್ಟಿಗೆ ಸುರಿಯುವ ಸದ್ದು ಅವನ ಮೇಜಿನವರೆಗೂ ಕೇಳುತ್ತಿತ್ತು.

ಸಾಹೇಬ ಬಂದು ಎದುರಿಗೆ ನಿಂತ. "ಬೇಡ ಅಂತ ಗಟ್ಟಿಯಾಗಿ ಹೇಳೋಕೆ ನಿನಗೆ ಬಾಯಿರಲಿಲ್ವಾ?"

ಅಂದೇ ಅವನನ್ನು ಕೆಲಸದಿಂದ ತೆಗೆದರು.

ಮನೆಯಲ್ಲಿ ಹೆಂಡತಿ ಕೇಳಿದಳು, "ಬೇರೆ ಕಡೆ ಎಲ್ಲಾದ್ರೂ ಮಾತಾಡಿಟ್ಟಿದ್ರಾ?"

"ಇಲ್ಲ ಕಣೇ," ಎಂದ. "ಊರಿಗೆಲ್ಲ ಸ್ಟೆಪ್ನಿ ಇಟ್ಟೆ, ನನಗೇ ಇಟ್ಕೊಳ್ಳಲಿಲ್ಲ."

ಈ ಸಲ ಯಾರೂ ನಗಲಿಲ್ಲ.